ಚೀನಾದ ಸಾಲದ ಬಂಡಿ: ಇನ್ನೆಷ್ಟು ದೂರ ಓಡೀತು?

ಚೀನಾದ ನೈಋತ್ಯ ಭಾಗದ ಗುಯಿಝೌ ಬೆಟ್ಟಗುಡ್ಡಗಳಿಂದ ತುಂಬಿದ ಬಡ ಪ್ರಾಂತ್ಯ. ಆದರೆ ಜಗತ್ತಿನ ಅತಿ ಎತ್ತರದ 100 ಸೇತುವೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಲ್ಲೇ ಇವೆ. 2025ರ ಸೆಪ್ಟೆಂಬರ್‌ನಲ್ಲಿ ಸಂಚಾರಕ್ಕೆ ತೆರೆದ ಹುವಾಜಿಯಾಂಗ್ ಸೇತುವೆ ನದಿಯ ಮಟ್ಟದಿಂದ 625 ಮೀಟರ್ ಎತ್ತರದಲ್ಲಿದೆ. ಇದೇ ಪ್ರಾಂತ್ಯದ ಝುನ್ಯಿ ನಗರದ ರಸ್ತೆ ಮತ್ತು ಸೇತುವೆ ನಿರ್ಮಾಣ ಕಂಪನಿ 2022ರ ಕೊನೆಯಲ್ಲಿ ತನ್ನ 1,560 ಕೋಟಿ ಯುವಾನ್ ಬ್ಯಾಂಕ್ ಸಾಲದ ಅವಧಿಯನ್ನು 20 ವರ್ಷಕ್ಕೆ ವಿಸ್ತರಿಸಿಕೊಂಡಿತು. ಮೊದಲ 10 ವರ್ಷ ಬಡ್ಡಿ ಮಾತ್ರ, ಅಸಲಿನ ಮಾತು ಆಮೇಲೆ.

ಸೇತುವೆಯೂ ನಿಜ, ಸಾಲವೂ ನಿಜ. ಚೀನಾದ ಕಳೆದ ಒಂದೂವರೆ ದಶಕದ ಬೆಳವಣಿಗೆ ಇವೆರಡರ ನಡುವೆ ಇದೆ.

2008ರ ಜಾಗತಿಕ ಆರ್ಥಿಕ ಕುಸಿತದ ಹೊತ್ತಿಗೆ ರಫ್ತು ಕುಸಿದಾಗ ಬೀಜಿಂಗ್ 4 ಲಕ್ಷ ಕೋಟಿ ಯುವಾನ್ ಪ್ಯಾಕೇಜ್ ಘೋಷಿಸಿತು. ಇದರಲ್ಲಿ ಕೇಂದ್ರದ ಖಜಾನೆಯ ಪಾಲು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದದ್ದನ್ನು ಸ್ಥಳೀಯ ಸರ್ಕಾರಗಳು ಮತ್ತು ಬ್ಯಾಂಕುಗಳು ಹೊಂದಿಸಬೇಕಿತ್ತು. 2009ರ ಒಂದೇ ವರ್ಷದಲ್ಲಿ ಬ್ಯಾಂಕುಗಳು ಕೊಟ್ಟ ಹೊಸ ಸಾಲ ಹಿಂದಿನ ವರ್ಷದ ಸುಮಾರು ಎರಡರಷ್ಟಾಯಿತು. ಅಲ್ಲಿಂದ ಶುರುವಾದ ಓಟ ನಿಲ್ಲಲಿಲ್ಲ. ಸರ್ಕಾರ, ಕಂಪನಿಗಳು ಮತ್ತು ಕುಟುಂಬಗಳ ಒಟ್ಟು ಸಾಲ 2008ರಲ್ಲಿ ಜಿಡಿಪಿಯ ಶೇ 140ರ ಆಸುಪಾಸಿನಲ್ಲಿತ್ತು. ಈಗ ಅದು ಶೇ 280 ದಾಟಿದೆ.

ಸಾಲ ಎಲ್ಲಿ ಕೂತಿದೆ ಎಂಬುದು ಇಲ್ಲಿ ಮುಖ್ಯ. 1994ರ ತೆರಿಗೆ ಸುಧಾರಣೆಯಲ್ಲಿ ಆದಾಯದ ದೊಡ್ಡ ಪಾಲು ಕೇಂದ್ರಕ್ಕೆ ಹೋಯಿತು. ಶಾಲೆ, ಆಸ್ಪತ್ರೆ, ರಸ್ತೆಯ ಖರ್ಚು ಸ್ಥಳೀಯ ಸರ್ಕಾರಗಳ ಹೆಗಲ ಮೇಲೇ ಉಳಿಯಿತು. ಅವು ನೇರವಾಗಿ ಸಾಲ ಮಾಡುವುದಕ್ಕೂ ಕಾನೂನಿನ ತಡೆ ಇತ್ತು. ಹಾಗಾಗಿ ಅವು ಕಂಡುಕೊಂಡ ಹಿಂಬಾಗಿಲೇ 'ಸ್ಥಳೀಯ ಸರ್ಕಾರಿ ಹಣಕಾಸು ಕಂಪನಿ'. ಹೆಸರಿಗೆ ಕಂಪನಿ, ಮಾಲೀಕ ಸರ್ಕಾರ. ಜಮೀನನ್ನು ಅಡವಿಟ್ಟು ಕಂಪನಿ ಸಾಲ ತರುತ್ತದೆ, ರಸ್ತೆ, ಮೆಟ್ರೋ ಕಟ್ಟುತ್ತದೆ. ರಸ್ತೆ ಬಂದರೆ ಸುತ್ತಲಿನ ಜಮೀನಿನ ಬೆಲೆ ಏರುತ್ತದೆ, ಆ ಜಮೀನಿನ ಬಳಕೆ ಹಕ್ಕನ್ನು ಬಿಲ್ಡರ್‌ಗಳಿಗೆ ಮಾರಿ ಬಂದ ಹಣದಿಂದ ಸಾಲ ತೀರಿಸುವುದು ಲೆಕ್ಕಾಚಾರ. ಜಮೀನಿನ ಬೆಲೆ ಏರುತ್ತಿರುವವರೆಗೆ ಈ ಲೆಕ್ಕದಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. 2021ರಲ್ಲಿ ಜಮೀನು ಮಾರಾಟದಿಂದಲೇ ಸ್ಥಳೀಯ ಸರ್ಕಾರಗಳಿಗೆ ಸುಮಾರು 8.7 ಲಕ್ಷ ಕೋಟಿ ಯುವಾನ್ ಬಂದಿತ್ತು. 2024ರಲ್ಲಿ ಬಂದದ್ದು 5 ಲಕ್ಷ ಕೋಟಿಗೂ ಕಡಿಮೆ.

ಅತಿರೇಕಗಳೂ ನಡೆದವು. ಗುಯಿಝೌನ ದುಶಾನ್ ಎಂಬ ಕೌಂಟಿಯ ವಾರ್ಷಿಕ ಆದಾಯ 100 ಕೋಟಿ ಯುವಾನ್ ಮುಟ್ಟುತ್ತಿರಲಿಲ್ಲ. 2020ರಲ್ಲಿ ಅದರ ಸಾಲ 4,000 ಕೋಟಿ ಯುವಾನ್ ಎಂಬುದು ಬಯಲಾಗಿ ದೇಶವೇ ಬೆಚ್ಚಿತು. ಪ್ರವಾಸಿಗರನ್ನು ಸೆಳೆಯಲೆಂದು ಕಟ್ಟಲು ಹೊರಟಿದ್ದ ನೂರು ಮೀಟರ್ ಎತ್ತರದ ಮರದ ಶೈಲಿಯ ಗೋಪುರ ಅಲ್ಲಿ ಅರ್ಧಕ್ಕೆ ನಿಂತಿತ್ತು.

ಜಮೀನಿನ ಕಥೆ ಕೆಟ್ಟದ್ದು ಎವರ್‌ಗ್ರಾಂಡ್‌ನಿಂದ ಎಂದು ಹಲವರು ಹೇಳುತ್ತಾರೆ. ನಿಜಕ್ಕೂ ಅದು ಕಾಯಿಲೆಯಲ್ಲ, ಲಕ್ಷಣ. 2020ರ ಆಗಸ್ಟ್‌ನಲ್ಲಿ ಸರ್ಕಾರ ಬಿಲ್ಡರ್‌ಗಳ ಸಾಲಕ್ಕೆ 'ಮೂರು ಕೆಂಪು ಗೆರೆ' ಎಳೆಯಿತು. ಹೊಸ ಸಾಲದಿಂದ ಹಳೇ ಸಾಲಕ್ಕೆ ಬಡ್ಡಿ ಕಟ್ಟುತ್ತಿದ್ದ ಕಂಪನಿಗಳ ಉಸಿರು ಕಟ್ಟಿತು. 30,000 ಕೋಟಿ ಡಾಲರ್‌ಗೂ ಹೆಚ್ಚಿನ ಹೊಣೆ ಹೊತ್ತಿದ್ದ ಎವರ್‌ಗ್ರಾಂಡ್ 2021ರ ಡಿಸೆಂಬರ್‌ನಲ್ಲಿ ಸುಸ್ತಿದಾರನಾಯಿತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದರ ಸಮಾಪನಕ್ಕೆ ಆದೇಶಿಸಿತು.

ಪೆಟ್ಟು ತಿಂದವರು ಮನೆ ಕೊಂಡವರು. ಚೀನಾದಲ್ಲೂ ಫ್ಲ್ಯಾಟ್ ಕಟ್ಟುವ ಮೊದಲೇ ಮಾರುತ್ತಾರೆ, ಇಎಂಐ ಅಂದಿನಿಂದಲೇ ಶುರು. 2022ರ ಜೂನ್ ಕೊನೆಯಲ್ಲಿ ಜಿಂಗ್‌ಡೆಝೆನ್ ನಗರದ ಎವರ್‌ಗ್ರಾಂಡ್ ಯೋಜನೆಯೊಂದರ ಖರೀದಿದಾರರು, ಕೆಲಸ ಮುಂದುವರಿಯದಿದ್ದರೆ ಕಂತು ಕಟ್ಟುವುದಿಲ್ಲ ಎಂದು ಘೋಷಿಸಿದರು. ನೋಡನೋಡುತ್ತಿದ್ದಂತೆ ಹತ್ತಾರು ನಗರಗಳಿಗೆ ಅದು ಹಬ್ಬಿತು. ನೋಯ್ಡಾದಲ್ಲಿ ವರ್ಷಗಟ್ಟಲೆ ಫ್ಲ್ಯಾಟಿಗಾಗಿ ಕಾದವರಿಗೆ ಈ ಸಂಕಟ ವಿವರಿಸಬೇಕಿಲ್ಲ. ಖರೀದಿದಾರರ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂಬ ನಿಯಮವನ್ನು ನಮ್ಮ 2016ರ ರೇರಾ ಕಾಯ್ದೆ ತಂದದ್ದೂ ಇಂಥದ್ದೇ ಕಾರಣಕ್ಕೆ.

ಹಾಗಾದರೆ ಚೀನಾ ಕುಸಿಯುತ್ತದೆಯೇ? ಈ ಭವಿಷ್ಯವಾಣಿ ವರ್ಷಗಳಿಂದ ಕೇಳಿಬರುತ್ತಿದೆ, ಪ್ರತಿ ಬಾರಿಯೂ ಸುಳ್ಳಾಗಿದೆ. 1997ರಲ್ಲಿ ಥಾಯ್ಲೆಂಡ್ ಬಿದ್ದದ್ದು ಡಾಲರ್ ಸಾಲದಿಂದ. ಹೊರಗಿನವರು ಹಣ ಹಿಂತೆಗೆದರು, ಕರೆನ್ಸಿ ಕುಸಿಯಿತು. ಚೀನಾದ ಸಾಲದ ಬಹುಪಾಲು ತನ್ನದೇ ಯುವಾನ್‌ನಲ್ಲಿ, ತನ್ನದೇ ಜನರ ಉಳಿತಾಯದಿಂದ ಬಂದದ್ದು. ಸಾಲ ಕೊಟ್ಟ ಬ್ಯಾಂಕೂ ಸರ್ಕಾರದ್ದು, ಪಡೆದ ಕಂಪನಿಯೂ ಸರ್ಕಾರದ್ದು. ಜನ ಹಣವನ್ನು ದೇಶದಿಂದ ಹೊರಗೆ ಸಾಗಿಸುವುದಕ್ಕೆ ಕಡಿವಾಣವಿದೆ. ವಿದೇಶಿ ವಿನಿಮಯ ಸಂಗ್ರಹ 3 ಲಕ್ಷ ಕೋಟಿ ಡಾಲರ್ ಮೀರಿದೆ. ಅಂದರೆ ಬ್ಯಾಂಕ್ ಬಾಗಿಲಲ್ಲಿ ಸಾಲುಗಟ್ಟಿ ನಿಂತು ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಯುವ ಕಥೆ ಇದಲ್ಲ.

ಆದರೆ ಕುಸಿಯದಿರುವುದು ಬೇರೆ, ಹೀಗೇ ಬೆಳೆಯುವುದು ಬೇರೆ. ಸಣ್ಣ ಲೆಕ್ಕ ಮಾಡಿ ನೋಡಿ. 100 ರೂಪಾಯಿ ಆದಾಯಕ್ಕೆ 280 ರೂಪಾಯಿ ಸಾಲ, ಬಡ್ಡಿ ಶೇ 4 ಎಂದರೆ ವರ್ಷಕ್ಕೆ 11 ರೂಪಾಯಿ ಬಡ್ಡಿಗೇ ಬೇಕು. ಆದಾಯ ವರ್ಷಕ್ಕೆ 12-15 ರೂಪಾಯಿ ಏರುತ್ತಿದ್ದ ಕಾಲದಲ್ಲಿ ಇದು ಭಾರವಾಗುವುದಿಲ್ಲ. ಚೀನಾದಲ್ಲಿ 2023ರಿಂದ ಒಟ್ಟಾರೆ ಬೆಲೆಗಳು ಇಳಿಮುಖವಾಗಿವೆ. ಬೆಳವಣಿಗೆ ಶೇ 5 ಎಂದು ಪ್ರಕಟವಾದರೂ, ಕೈಗೆ ಬರುವ ಹಣದ ಲೆಕ್ಕದಲ್ಲಿ ಏರಿಕೆ ಸುಮಾರು ಶೇ 4 ಮಾತ್ರ. ಸಾಲ ಮಾತ್ರ ಅಷ್ಟೇ ಇರುತ್ತದೆ. 2022ರಿಂದ ಜನಸಂಖ್ಯೆಯೂ ಇಳಿಯುತ್ತಿರುವುದರಿಂದ ಹೊಸ ಮನೆಗೆ ಹಿಂದಿನಂತೆ ಗಿರಾಕಿಗಳಿಲ್ಲ. 1990ರ ನಂತರದ ಜಪಾನನ್ನು ಅರ್ಥಶಾಸ್ತ್ರಜ್ಞರು ಮತ್ತೆ ಮತ್ತೆ ನೆನಪಿಸುವುದು ಇದಕ್ಕೇ.

ಬಿಸಿ ಮೊದಲು ತಟ್ಟಿದ್ದು ಕೆಳಗಿನವರಿಗೆ. ಹೆನಾನ್ ಪ್ರಾಂತ್ಯದ ಶಾಂಗ್‌ಚಿಯು ನಗರದ ಬಸ್ ಕಂಪನಿ 2023ರ ಫೆಬ್ರವರಿಯಲ್ಲಿ ಹಣವಿಲ್ಲದೆ ಸೇವೆ ನಿಲ್ಲಿಸುವುದಾಗಿ ಪ್ರಕಟಿಸಿ, ಗದ್ದಲವಾದ ಮೇಲೆ ಹಿಂದೆ ಸರಿಯಿತು. ಅದೇ ತಿಂಗಳು ವುಹಾನ್‌ನಲ್ಲಿ ವೈದ್ಯಕೀಯ ಸೌಲಭ್ಯ ಕಡಿತ ವಿರೋಧಿಸಿ ನಿವೃತ್ತರು ಬೀದಿಗಿಳಿದರು.

2024ರ ನವೆಂಬರ್‌ನಲ್ಲಿ ಬೀಜಿಂಗ್ 10 ಲಕ್ಷ ಕೋಟಿ ಯುವಾನ್ ಸಾಲ ಬದಲಾವಣೆ ಯೋಜನೆ ಪ್ರಕಟಿಸಿತು. ದುಬಾರಿ ಬಡ್ಡಿಯ ಗುಪ್ತ ಸಾಲವನ್ನು ಕಡಿಮೆ ಬಡ್ಡಿಯ ಅಧಿಕೃತ ಬಾಂಡ್‌ಗಳಾಗಿ ಬದಲಿಸುವುದು ಇದರ ತಿರುಳು. 2023ರ ಕೊನೆಗೆ ಗುಪ್ತ ಸಾಲ 14.3 ಲಕ್ಷ ಕೋಟಿ ಯುವಾನ್ ಎಂಬುದು ಸರ್ಕಾರದ ಲೆಕ್ಕ. ಸ್ಥಳೀಯ ಹಣಕಾಸು ಕಂಪನಿಗಳ ಸಾಲವೇ ಸುಮಾರು 60 ಲಕ್ಷ ಕೋಟಿ ಎಂಬುದು ಐಎಂಎಫ್ ಅಂದಾಜು. ಯಾವುದನ್ನು ಸರ್ಕಾರದ ಸಾಲವೆಂದು ಎಣಿಸಬೇಕು ಎಂಬುದರಲ್ಲೇ ಇಷ್ಟು ಅಂತರ. ಬಡ್ಡಿ ಹಗುರವಾಗುವುದು ನಿಜ, ಆದರೆ ಅಸಲು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೇ.

ನನ್ನ ದೃಷ್ಟಿಯಲ್ಲಿ ನಿಜವಾದ ಪರೀಕ್ಷೆ ಬಾಂಡ್‌ಗಳಲ್ಲಿಲ್ಲ, ಅಡುಗೆಮನೆಯಲ್ಲಿದೆ. ಚೀನಾದ ಜಿಡಿಪಿಯಲ್ಲಿ ಕುಟುಂಬಗಳ ಖರ್ಚಿನ ಪಾಲು ಶೇ 40 ಕೂಡ ಇಲ್ಲ. ಭಾರತದಲ್ಲಿ ಅದು ಸುಮಾರು ಶೇ 60. ಪಿಂಚಣಿ, ಆರೋಗ್ಯದ ಭರವಸೆ ಸಾಲದೆಂದು ಜನ ಹಣ ಕೂಡಿಡುತ್ತಾರೆ. ಉಳಿತಾಯ ಹಾಕಿದ್ದ ಮನೆಯ ಬೆಲೆ ಇಳಿದಾಗ ಕೈ ಇನ್ನಷ್ಟು ಬಿಗಿಯಾಗುತ್ತದೆ. ಅವರ ಕೈಗೆ ಹಣ ತಲುಪಿಸಬೇಕಾದರೆ ಸ್ಥಳೀಯ ಸರ್ಕಾರ, ಸರ್ಕಾರಿ ಕಂಪನಿಗಳ ಪಾಲು ತಗ್ಗಬೇಕು. ಅದು ರಾಜಕೀಯವಾಗಿ ಸುಲಭವಲ್ಲ.

ಸದ್ಯಕ್ಕೆ ಸಾಲದ ಹರಿವು ಮನೆಗಳಿಂದ ಕಾರ್ಖಾನೆಗಳತ್ತ ತಿರುಗಿದೆ: ವಿದ್ಯುತ್ ಕಾರು, ಬ್ಯಾಟರಿ, ಸೌರಫಲಕ. ಒಳಗೆ ಖರ್ಚಾಗದ ಸರಕು ಹೊರಗೆ ಹೋಗಲೇಬೇಕು. 2024ರಲ್ಲಿ ಚೀನಾದ ವ್ಯಾಪಾರ ಹೆಚ್ಚುವರಿ ಸುಮಾರು 1 ಲಕ್ಷ ಕೋಟಿ ಡಾಲರ್ ಮುಟ್ಟಿತು. ಪುಣೆ, ಚೆನ್ನೈನ ಸಣ್ಣ ಕಾರ್ಖಾನೆಗಳಿಗೆ ಈ ಸಾಲದ ಕಥೆ ತಟ್ಟುವುದು ಅಗ್ಗದ ಆಮದಿನ ರೂಪದಲ್ಲಿ. 2024-25ರಲ್ಲಿ ಚೀನಾದೊಂದಿಗಿನ ಭಾರತದ ವ್ಯಾಪಾರ ಕೊರತೆ ಸುಮಾರು 9,900 ಕೋಟಿ ಡಾಲರ್ ಇತ್ತು.