ಕೆಂಪೇರಿದ ಕಡಲು: ಜಪಾನಿನ ಒಂದು ಪಾಠ



ಹೊಲಕ್ಕೆ ಬೇಲಿ ಹಾಕಬಹುದು, ಕಡಲಿಗೆ ಹಾಕಲಾಗದು. ಸಮುದ್ರದಲ್ಲಿ ಮೀನು ಸಾಕುವವರ ಸಂಕಷ್ಟವೆಲ್ಲ ಈ ಮಾತಿನಲ್ಲಿ ಅಡಗಿದೆ. ಜಪಾನಿನ ಸೆಟೊ ಒಳಗಡಲಿನ ಇತಿಹಾಸವೇ ಇದಕ್ಕೆ ನಿದರ್ಶನ.

ಹೊನ್ಶು, ಶಿಕೊಕು, ಕ್ಯುಶು ದ್ವೀಪಗಳ ನಡುವಣ ಈ ಕಡಲಿನ ದಂಡೆಯಲ್ಲಿ ಹಿಕೆಟಾ ಎಂಬ ಊರಿದೆ. ಅಲ್ಲಿ ವಸಾಬುರೊ ನೊಅಮಿ ಎಂಬವರು 1928ರಲ್ಲಿ ಹಮಾಚಿ ಮೀನಿನ ಸಾಕಣೆಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ತರುವಾಯ ಬಲೆಯ ಪಂಜರಗಳು ಬಂದು ಈ ಉದ್ಯಮ ಹಬ್ಬಿತು. ಅದೇ ಕಾಲದಲ್ಲಿ ತೀರದುದ್ದಕ್ಕೂ ಕಾರ್ಖಾನೆಗಳೂ ನಗರಗಳೂ ಬೆಳೆದವು. ಅವುಗಳ ಕೊಳಚೆಯೊಡನೆ ಸಾರಜನಕ, ರಂಜಕಗಳು ಕಡಲನ್ನು ಸೇರಿದವು. ಪಂಜರಗಳಲ್ಲಿ ಮೀನು ತಿನ್ನದೆ ಬಿಟ್ಟ ಮೇವೂ ಇದಕ್ಕೆ ಕೂಡಿಕೊಂಡಿತು. ಪೈರಿಗೆ ಗೊಬ್ಬರವಾಗುವ ಈ ಧಾತುಗಳು ಸೂಕ್ಷ್ಮ ಪಾಚಿಗಳಿಗೂ ಗೊಬ್ಬರವೇ. ಅವು ಮಿತಿಮೀರಿ ಬೆಳೆದಾಗ ನೀರು ಕೆಂಪೇರುತ್ತದೆ. ಜಪಾನೀಯರು ಇದನ್ನು 'ಅಕಾಶಿಯೊ' ಎನ್ನುತ್ತಾರೆ.

1972ರ ಬೇಸಗೆಯಲ್ಲಿ, ಈ ಕಡಲಿನ ಪೂರ್ವಭಾಗವಾದ ಹರಿಮಾ ನಾಡಾದಲ್ಲಿ ಚಟೊನೆಲ್ಲಾ ಎಂಬ ಸೂಕ್ಷ್ಮ ಪಾಚಿ ಉಕ್ಕಿತು. ಇದು ಕಿವಿರುಗಳನ್ನು ಕೆಡಿಸಿ ಮೀನನ್ನು ಉಸಿರುಗಟ್ಟಿಸುತ್ತದೆ. ಪಂಜರದ ಮೀನಿಗೆ ಈಜಿ ಪಾರಾಗುವ ದಾರಿಯೂ ಇಲ್ಲ. ಸುಮಾರು 1 ಕೋಟಿ 40 ಲಕ್ಷ ಹಮಾಚಿಗಳು ಸತ್ತವು. 710 ಕೋಟಿ ಯೆನ್ ನಷ್ಟವಾಯಿತು.

ಮೇವು ನಿಲ್ಲಿಸುವುದು, ಪಂಜರವನ್ನು ಆಳಕ್ಕಿಳಿಸುವುದು ಅಥವಾ ಬೇರೆಡೆಗೆ ಎಳೆದೊಯ್ಯುವುದು, ಇವೆಲ್ಲ ತಾತ್ಕಾಲಿಕ ಉಪಾಯಗಳು. ನಿಜವಾದ ಪರಿಹಾರ ನೆಲದ ಮೇಲಿತ್ತು. 1973ರಲ್ಲಿ ಜಪಾನಿನ ಸಂಸತ್ತು ಈ ಕಡಲಿಗೆಂದೇ ಒಂದು ಕಾನೂನನ್ನು ರಚಿಸಿ, ಕಾರ್ಖಾನೆಗಳ ಸಾವಯವ ಮಾಲಿನ್ಯವನ್ನು ಅರ್ಧಕ್ಕಿಳಿಸಲು ವಿಧಿಸಿತು. 1978ರಲ್ಲಿ ಅದನ್ನು ಶಾಶ್ವತಗೊಳಿಸಿ, ರಂಜಕಕ್ಕೂ ಕಡಿವಾಣ ಹಾಕಲಾಯಿತು. ಫಲವೇನೂ ಕೂಡಲೇ ದೊರೆಯಲಿಲ್ಲ. 1976ರಲ್ಲಿ 299 ಬಾರಿ ಕಡಲು ಕೆಂಪೇರಿದ್ದು ದಾಖಲಾಯಿತು. ಅನಂತರವೇ ಸಂಖ್ಯೆ ಇಳಿಯುತ್ತ, ವರ್ಷಕ್ಕೆ ನೂರರ ಆಸುಪಾಸಿಗೆ ಬಂದಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಪೋಷಕಾಂಶಗಳು ಕಡಿಮೆಯಾದಂತೆ, ಅದೇ ನೀರಿನಲ್ಲಿ ಬೆಳೆಸುವ 'ನೊರಿ' ಎಂಬ ಖಾದ್ಯ ಕಡಲಪಾಚಿ ಬಣ್ಣಗೆಟ್ಟಿತು; ಅದರ ಬೆಳೆಗಾರರು ನೊಂದರು. 2021ರಲ್ಲಿ ಕಾನೂನನ್ನು ಮತ್ತೆ ತಿದ್ದಿ, ಅಗತ್ಯವಿದ್ದೆಡೆ ಮಿತವಾಗಿ ಪೋಷಕಾಂಶಗಳನ್ನು ಒದಗಿಸಲು ಅವಕಾಶ ಕಲ್ಪಿಸಲಾಯಿತು. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಹಿರಿಯರ ನುಡಿ ಕಡಲಿಗೂ ಸಲ್ಲುತ್ತದೆ. ಕೊರತೆಯೂ ಹಿತವಲ್ಲವೆಂಬುದನ್ನು ಜಪಾನೀಯರ ಅನುಭವ ಅದಕ್ಕೆ ಸೇರಿಸಿತು.

ನಮ್ಮ ಕಾರವಾರದ ಕಡಲಿನಲ್ಲಿಯೂ ಪಂಜರಗಳಲ್ಲಿ ಮೀನು ಸಾಕುವ ಕಾರ್ಯ ನಡೆದಿದೆ. ಬೆಸ್ತರಿಗೆ ಅದು ಆಸರೆಯಾಗಬೇಕಾದರೆ, ಪಂಜರವನ್ನು ಕಾಯುವ ಮೊದಲು ಕಡಲಿಗಿಳಿಯುವ ಹೊಳೆಯನ್ನು ಕಾಯಬೇಕು.