ಕರ್ನಲ್‌ನಲ್ಲೊಂದು ನಾಲ್ಕನೇ ಸೀಟು

ಡೊಂಬಿವಲಿ, ಕಲ್ಯಾಣದ ಕಡೆಯಿಂದ ಬೆಳಗಿನ ಲೋಕಲ್‌ನಲ್ಲಿ ಬಂದು, ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ, ರಬಾಳೆ, ಘನ್ಸೋಲಿಗೆ ಹೋಗುವವರಲ್ಲಿ ಸರ್ವರ್ ಕಾಯುವ ಕಸುಬಿನವರು ಬಹಳ ಮಂದಿ. ಐರೋಲಿಯಿಂದ ಮಹಾಪೆ ದಾಟಿ ಪನ್ವೇಲ್‌ವರೆಗೂ ಡೇಟಾ ಸೆಂಟರ್‌ಗಳಿವೆ. ಈ ಕಸುಬಿಗೆ ಇಳಿದ ಹೊಸಬರ ಕಿವಿಗೆ ಬೀಳುವ ಮೊದಲ ಮಂತ್ರ ಒಂದೇ: ಏನಾದರೂ ಓಡದಿದ್ದರೆ ಎಸ್‌ಇ-ಲಿನಕ್ಸ್ ಆಫ್ ಮಾಡು. ಕೆಟ್ಟ ಮಂತ್ರ, ಆದರೆ ಕೆಲಸ ಮಾಡುತ್ತದೆ; ಅದಕ್ಕೇ ಇನ್ನೂ ಉಳಿದಿದೆ.

ಲಿನಕ್ಸ್ ಯಂತ್ರದಲ್ಲಿ ಯಾವ ಪ್ರೋಗ್ರಾಂ ಏನನ್ನು ಮುಟ್ಟಬಹುದು ಎಂದು ಪಹರೆ ಕಾಯುವ ಎಸ್‌ಇ-ಲಿನಕ್ಸ್ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕೂಸು. 2001ರಲ್ಲಿ ಅದನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿಸುವ ಮಾತು ಬಂದಾಗ ಲಿನಕ್ಸ್ ಕರ್ತೃ ಲಿನಸ್ ಟೋರ್ವಾಲ್ಡ್ಸ್ ಒಪ್ಪಲಿಲ್ಲ. ಇಂಥವೇ ಯೋಜನೆಗಳು ಬೇರೆಯವರ ಕೈಯಲ್ಲೂ ಇದ್ದವು. ಒಂದನ್ನು ಆರಿಸುವುದಕ್ಕಿಂತ ಯಾರು ಬೇಕಾದರೂ ಬಂದು ಕೂರುವಂಥ ಚೌಕಟ್ಟು ಮಾಡಿ ಎಂದರು. ಕ್ರಿಸ್ಪಿನ್ ಕೋವನ್ ಮುಂದಾಳಾಗಿ ರೂಪುಗೊಂಡ ಆ ಚೌಕಟ್ಟು, ಅಂದರೆ ಎಲ್‌ಎಸ್‌ಎಂ (ಲಿನಕ್ಸ್ ಸೆಕ್ಯುರಿಟಿ ಮಾಡ್ಯೂಲ್ಸ್), 2003ರ ಡಿಸೆಂಬರ್‌ನ 2.6 ಕರ್ನಲ್‌ನಲ್ಲಿ ನೆಲೆಯಾಯಿತು. ಪ್ರೋಗ್ರಾಂ ಒಂದು ಕಡತ ತೆರೆಯಹೊರಟರೆ ಕರ್ನಲ್ ಮೊದಲು ಮಾಮೂಲಿ ಅನುಮತಿ ನೋಡುತ್ತದೆ, ಆಮೇಲೆ ಆ ಚೌಕಟ್ಟಿನಲ್ಲಿ ಕೂತ ಪಹರೆಯ ಮಾಡ್ಯೂಲನ್ನು ಕೇಳುತ್ತದೆ. ಮೊದಲು ಬೇಡ ಎಂದಾಗಿದ್ದನ್ನು ಮಾಡ್ಯೂಲ್ ಸರಿ ಎನ್ನುವಂತಿಲ್ಲ. ಸರಿ ಎಂದಾಗಿದ್ದನ್ನು ಬೇಡ ಎನ್ನಬಹುದು, ಅಷ್ಟೆ.

ಎಡವಟ್ಟಾದದ್ದು ಇನ್ನೊಂದು ಕಡೆ. 'ನಾನು ಯಾವ ಕಟ್ಟುಪಾಡಿನಲ್ಲಿದ್ದೇನೆ' ಎಂದು ತಿಳಿಯಲು ಪ್ರೋಗ್ರಾಂ ಓದಬೇಕಾದದ್ದು 'ಪ್ರಾಕ್' ಕೋಶದೊಳಗಿನ 'ಕರೆಂಟ್' ಎಂಬ ಒಂದೇ ಕಡತ. ರೆಡ್ ಹ್ಯಾಟ್ ಯಂತ್ರದಲ್ಲಿ ಅದನ್ನು ತೆರೆದರೆ ಕೋಲನ್‌ಗಳಿಂದ ಬೇರೆಯಾದ ಉದ್ದದ ಲೇಬಲ್; ಉಬುಂಟುವಿನಲ್ಲಿ ತೆರೆದರೆ ಬಹುಮಟ್ಟಿಗೆ 'ಅನ್‌ಕನ್‌ಫೈನ್ಡ್' ಎಂಬ ಒಂಟಿ ಪದ. ಉತ್ತರ ಕೊಟ್ಟವರು ಯಾರು ಎಂಬುದು ಕಡತದಲ್ಲಿಲ್ಲ. 2008ರಲ್ಲಿ ಕೇಸಿ ಶಾಫ್ಲರ್ ಬರೆದ ಸ್ಮ್ಯಾಕ್ ಎಂಬ ಇನ್ನೊಂದು ಮಾಡ್ಯೂಲ್ ಕರ್ನಲ್‌ಗೆ ಬಂತು, 2010ರಲ್ಲಿ ಉಬುಂಟು ಬಳಸುವ ಆಪ್‌ಆರ್ಮರ್. ಎರಡೂ ಅದೇ ಕಡತಕ್ಕೆ ಕೈಹಾಕಿದವು. ಲೋಕಲ್‌ನಲ್ಲಿ ಮೂವರ ಸೀಟಿನ ತುದಿಗೆ ನಾಲ್ಕನೆಯವರು ಅರ್ಧ ತೊಡೆ ಊರಿ ಕೂರುತ್ತಾರಲ್ಲ, ಅಷ್ಟು ಸಡಿಲವೂ ಇಲ್ಲಿರಲಿಲ್ಲ: ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು.

ಈ ನಡುವೆ ಪಹರೆ ಜೇಬಿಗೂ ಬಂತು. 2014ರ ಆಂಡ್ರಾಯ್ಡ್ 5.0 ಎಸ್‌ಇ-ಲಿನಕ್ಸನ್ನು ಪೂರ್ತಿ ಕಡ್ಡಾಯ ಮಾಡಿತು. ಅಲ್ಲಿ ಆಫ್ ಮಾಡುವ ಮಂತ್ರ ಸಾಮಾನ್ಯ ಬಳಕೆದಾರರ ಕೈಗೆ ಸಿಗುವುದಿಲ್ಲ, ಒಳ್ಳೆಯದೇ ಆಯಿತು.

ಸರ್ವರ್‌ಗಳಲ್ಲಿ ಕಂಟೇನರ್, ಅಂದರೆ ಒಂದೇ ಕರ್ನಲ್ ಹಂಚಿಕೊಳ್ಳುವ ಪ್ರತ್ಯೇಕ ಪ್ರೋಗ್ರಾಂ ಪೆಟ್ಟಿಗೆಗಳ ಬಳಕೆ ಹೆಚ್ಚಿದ ಮೇಲೆ ಒಂಟಿ ಸೀಟು ಸಾಲದಾಯಿತು. ಹೊರಗಿನ ಯಂತ್ರ ಒಂದು ಪಹರೆಯದು, ಒಳಗಿನ ಕಂಟೇನರ್ ಇನ್ನೊಂದರದು. 2015ರ 4.2 ಕರ್ನಲ್‌ನಲ್ಲಿ ಶಾಫ್ಲರ್ ಅವರ ಕೆಲಸದಿಂದ ಸಣ್ಣ ಮಾಡ್ಯೂಲ್‌ಗಳು ಒಂದರ ಹಿಂದೊಂದು ಸಾಲಾಗಿ ನಿಲ್ಲುವಂತಾಯಿತು. 2019ರಲ್ಲಿ ಆ ಸಾಲಿನ ಕ್ರಮವನ್ನು ಬೂಟ್ ಆಗುವಾಗಲೇ ಹೇಳುವ ಅನುಕೂಲ ಬಂತು. 2021ರಲ್ಲಿ ಬಂದ ಲ್ಯಾಂಡ್‌ಲಾಕ್‌ನಿಂದ ಮಾಮೂಲಿ ಪ್ರೋಗ್ರಾಂ ಕೂಡ ತನಗೆ ತಾನೇ ಬೇಲಿ ಹಾಕಿಕೊಳ್ಳಬಹುದು.

ಕೊನೆಗೆ 2024ರ ಮಾರ್ಚ್ 10ರಂದು ಹೊರಬಂದ 6.8 ಕರ್ನಲ್‌ನಲ್ಲಿ ಒಂದು ಚಿಕ್ಕ ಬದಲಾವಣೆ: ಪ್ರೋಗ್ರಾಂ ಕರ್ನಲನ್ನು ನೇರ ಕೇಳುವ ಮೂರು ಹೊಸ ಸಿಸ್ಟಂ ಕಾಲ್‌ಗಳು, ಸಂಖ್ಯೆ 459, 460, 461. ಒಂದು ನನ್ನ ಲೇಬಲ್ ಕೇಳುತ್ತದೆ, ಒಂದು ಬದಲಿಸುತ್ತದೆ, ಇನ್ನೊಂದು ಯಾವ ಮಾಡ್ಯೂಲ್‌ಗಳು ಚಾಲ್ತಿಯಲ್ಲಿವೆ ಎಂದು ಪಟ್ಟಿ ಕೊಡುತ್ತದೆ. ಪ್ರತಿ ಮಾಡ್ಯೂಲ್‌ಗೂ ಈಗ ಬಿಲ್ಲೆ ಸಂಖ್ಯೆ ಇದೆ: ಎಸ್‌ಇ-ಲಿನಕ್ಸ್ 101, ಸ್ಮ್ಯಾಕ್ 102, ಆಪ್‌ಆರ್ಮರ್ 104. ಉತ್ತರದ ಜತೆಗೇ ಕೊಟ್ಟವರ ಗುರುತೂ ಬರುತ್ತದೆ.

ಇಷ್ಟಕ್ಕೆ ಇಪ್ಪತ್ತು ವರ್ಷವೇ ಎಂದು ನಗುವವರಿದ್ದಾರೆ. ಕರ್ನಲ್ ಹೊರಗಿನವರಿಗೆ ಒಮ್ಮೆ ಕೊಟ್ಟ ಬಾಗಿಲನ್ನು ಮುಚ್ಚುವಂತಿಲ್ಲವಾದ್ದರಿಂದ ಈ ನಿಧಾನ ಸರಿಯೇ. ತಪ್ಪಿದ್ದು ಆ 'ಕರೆಂಟ್' ಕಡತಕ್ಕೆ ಮಾಡ್ಯೂಲಿನ ಗುರುತಿಲ್ಲದ ಹೆಸರಿಡುವಾಗ. 6.8 ಬಂದ ಮೇಲೂ ಎಸ್‌ಇ-ಲಿನಕ್ಸ್ ಮತ್ತು ಆಪ್‌ಆರ್ಮರ್ ಒಟ್ಟಿಗೆ ಕೂರಲು ಮುಖ್ಯ ಕರ್ನಲ್‌ನಲ್ಲಿ ಜಾಗ ಸಿಕ್ಕಿರಲಿಲ್ಲ. ಹಳೆಯ 'ಕರೆಂಟ್' ಕಡತವೂ ಇದ್ದಲ್ಲೇ ಇತ್ತು.