ಹಳೆಯ ಹಾಡು, ಹೊಸ ಸಂಕಟ

ನಮ್ಮ ಪ್ರೌಢಶಾಲೆಯ ಮೊದಲ ಎರಡು ಕೊಠಡಿಗಳು ಎದ್ದದ್ದು ನಾಟಕದ ಟಿಕೆಟ್ ಹಣದಿಂದ ಎಂಬುದು ಹಿರಿಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಶಾಲೆ ಆರಂಭವಾದ ಹೊಸದರಲ್ಲಿ ಊರಿನ ಹಿರಿಯರು ‘ಶಾಲಾ ಕಟ್ಟಡದ ಸಹಾಯಾರ್ಥ’ ಒಂದು ಸಾಮಾಜಿಕ ನಾಟಕ ಆಡಿದರು. ಅದಕ್ಕೆಂದು ನಮ್ಮೂರ ಪೇಟಿ ಮಾಸ್ತರರು ಒಂದು ಹಾಡು ಕಟ್ಟಿದರು. ಆ ಹಾಡು ನಾಟಕಕ್ಕಿಂತ ಹೆಚ್ಚು ದಿನ ಬದುಕಿತು. ನಾನು ಈ ಶಾಲೆಗೆ ಶಿಕ್ಷಕನಾಗಿ ಬಂದಾಗಲೂ ಮಕ್ಕಳು ಅದನ್ನು ಗುನುಗುತ್ತಿದ್ದರು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಭೀಕರ ನೆರೆ ಬಂತು. ಆಗ ನಾನು ಅದೇ ಹಾಡನ್ನು ಎತ್ತಿಕೊಂಡೆ. ‘ಕಟ್ಟಡ’ ಇದ್ದ ಕಡೆ ‘ಪ್ರವಾಹ’ ಬರೆದು ಎರಡು ನುಡಿ ಹೊಸದಾಗಿ ಸೇರಿಸಿ ಮಕ್ಕಳಿಂದ ಹಾಡಿಸಿದೆ. ಓಣಿ ಓಣಿ ತಿರುಗಿ ಜೋಳ, ಅಕ್ಕಿ, ಹಾಸಿಗೆ, ಹಣ ಕೂಡಿಸಿದೆವು. ಕೊನೆಯ ದಿನದ ಸಭೆಯಲ್ಲಿ ಒಂದು ತಪ್ಪನ್ನೂ ಮಾಡಿದೆ. ಅದನ್ನು ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಒಂದು ಕಷ್ಟಕ್ಕೆ ಹುಟ್ಟಿದ ಹಾಡನ್ನು ಇನ್ನೊಂದು ಕಷ್ಟಕ್ಕೆ ಹಾಡುವಾಗ ಏನಾಗುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇತಿಹಾಸದ ಮೇಷ್ಟ್ರಾದ ಕಾರಣ ಉತ್ತರಕ್ಕಾಗಿ ಹಿಂದಕ್ಕೆ ನೋಡಿದೆ. ಸಿಕ್ಕಿದ್ದನ್ನು ಸುವರ್ಣ ಮಹೋತ್ಸವದ ಈ ಸಂಚಿಕೆಗಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ ನಮ್ಮವರದೇ

ದೊಡ್ಡ ಕಲಾವಿದರೆಲ್ಲ ಒಂದೇ ವೇದಿಕೆಗೆ ಬಂದು ದೂರದ ಸಂತ್ರಸ್ತರಿಗಾಗಿ ಹಾಡುವ ಇಂದಿನ ಪದ್ಧತಿಯ ಮೂಲದಲ್ಲಿ ಒಬ್ಬ ಭಾರತೀಯರಿದ್ದಾರೆ. 1970ರ ನವೆಂಬರ್‌ನಲ್ಲಿ ಪೂರ್ವ ಪಾಕಿಸ್ತಾನಕ್ಕೆ ಚಂಡಮಾರುತ ಬಡಿಯಿತು. ಮರುವರ್ಷ ಯುದ್ಧ ಬಂತು. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಬಂಗಾಳಿ ಮನೆತನದ ಸಿತಾರ್ ವಾದಕ ಪಂಡಿತ್ ರವಿಶಂಕರ್ ತಮ್ಮ ಶಿಷ್ಯ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಅವರ ನೆರವು ಕೇಳಿದರು. 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎರಡು ಪ್ರದರ್ಶನ ನಡೆದು ಸುಮಾರು 40,000 ಜನ ಸೇರಿದರು. ಕಾರ್ಯಕ್ರಮ ಆರಂಭವಾದದ್ದು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಅವರ ವಾದನದಿಂದ. ಯಾರ ಕಷ್ಟಕ್ಕಾಗಿ ಸಭೆ ಸೇರಿತ್ತೋ ಅವರ ಭಾಷೆ ಆಡುವ ಕಲಾವಿದನೇ ಮೊದಲು ನುಡಿಸಿದ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಟಿಕೆಟ್‌ನಿಂದ ಬಂದ ಸುಮಾರು 2.43 ಲಕ್ಷ ಡಾಲರ್ ಯುನಿಸೆಫ್‌ಗೆ ಸೇರಿತು. ಧ್ವನಿಮುದ್ರಿಕೆ ಮತ್ತು ಚಿತ್ರದ ಹಣದ ಕಥೆ ಮಾತ್ರ ಬೇರೆ. ತೆರಿಗೆ ವಿನಾಯಿತಿಯ ಕಾಗದಪತ್ರವನ್ನು ಮೊದಲೇ ಮಾಡಿಸಿರಲಿಲ್ಲವಾದ್ದರಿಂದ ಅದರಲ್ಲಿ ದೊಡ್ಡ ಪಾಲು ಅಮೆರಿಕದ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿತು. ಮನಸ್ಸು ಒಳ್ಳೆಯದಿದ್ದರೆ ಸಾಲದು, ಲೆಕ್ಕದ ಪುಸ್ತಕವೂ ಸರಿಯಿರಬೇಕು ಎಂಬ ಮೊದಲ ಪಾಠ ಇದು.

ಇಥಿಯೋಪಿಯದ ಬರ ಮತ್ತು ಎರಡು ಹಾಡುಗಳು

1984ರ ಅಕ್ಟೋಬರ್ 23ರಂದು ಬಿಬಿಸಿ ಇಥಿಯೋಪಿಯದ ಕೋರೆಮ್ ಎಂಬಲ್ಲಿಂದ ಬರಗಾಲದ ವರದಿಯೊಂದನ್ನು ಪ್ರಸಾರ ಮಾಡಿತು. ವರದಿಗಾರ ಮೈಕೆಲ್ ಬರ್ಕ್. ಚಿತ್ರ ತೆಗೆದವರು ಕೆನ್ಯಾದ ಮೊಹಮದ್ ಅಮೀನ್, ನೈರೋಬಿಯಲ್ಲಿ ನೆಲೆಸಿದ್ದ ಪಂಜಾಬಿ ಮೂಲದ ಕುಟುಂಬದವರು. ಆ ದೃಶ್ಯ ಕಂಡು ನಿದ್ದೆಗೆಟ್ಟ ಐರಿಶ್ ಗಾಯಕ ಬಾಬ್ ಗೆಲ್ಡಾಫ್, ಮಿಡ್ಜ್ ಯೂರ್ ಜೊತೆ ಸೇರಿ ‘ಡು ದೇ ನೋ ಇಟ್ಸ್ ಕ್ರಿಸ್ಮಸ್?’ ಎಂಬ ಹಾಡು ಬರೆದರು. ನವೆಂಬರ್ 25ರಂದು ಲಂಡನ್ನಿನಲ್ಲಿ ಧ್ವನಿಮುದ್ರಣ ಮುಗಿಯಿತು. ‘ಬ್ಯಾಂಡ್ ಏಡ್’ ಎಂಬ ಹೆಸರಿನಲ್ಲಿ ಡಿಸೆಂಬರ್ ಮೊದಲ ವಾರದಲ್ಲಿ ಅಂಗಡಿಗೆ ಬಂದ ಆ ಮುದ್ರಿಕೆ ಸುಮಾರು 80 ಲಕ್ಷ ಪೌಂಡ್ ಗಳಿಸಿತು. ಬ್ರಿಟಿಷ್ ಸರ್ಕಾರ ಮಾರಾಟ ತೆರಿಗೆ ಬಿಡಲು ಮೊದಲು ಒಪ್ಪಲಿಲ್ಲ. ಜನ ಸಿಟ್ಟಿಗೆದ್ದ ಮೇಲೆ ಅಷ್ಟೇ ಮೊತ್ತವನ್ನು ದಾನವಾಗಿ ಹಿಂದಿರುಗಿಸಿತು.

ಅಮೆರಿಕದಲ್ಲಿ ಇದೇ ಕೆಲಸಕ್ಕೆ ಕೈಹಾಕಿದವರು ಗಾಯಕ ಹ್ಯಾರಿ ಬೆಲಫಾಂಟೆ. ಮೈಕೆಲ್ ಜಾಕ್ಸನ್ ಮತ್ತು ಲಯನೆಲ್ ರಿಚಿ ‘ವಿ ಆರ್ ದ ವರ್ಲ್ಡ್’ ಬರೆದರು. 1985ರ ಜನವರಿ 28ರ ರಾತ್ರಿ ಪ್ರಶಸ್ತಿ ಸಮಾರಂಭವೊಂದು ಮುಗಿಯುತ್ತಿದ್ದಂತೆ ಸುಮಾರು 45 ಗಾಯಕರು ಹಾಲಿವುಡ್‌ನ ಎ ಆ್ಯಂಡ್ ಎಂ ಸ್ಟುಡಿಯೋಗೆ ಬಂದರು. ಅಹಂಕಾರವನ್ನು ಬಾಗಿಲಲ್ಲೇ ಬಿಟ್ಟು ಬನ್ನಿ ಎಂಬರ್ಥದ ಫಲಕವನ್ನು ನಿರ್ಮಾಪಕ ಕ್ವಿನ್ಸಿ ಜೋನ್ಸ್ ಹಾಕಿಸಿದ್ದರು. ಗುಡಿಯ ಹೊರಗೆ ಚಪ್ಪಲಿ ಬಿಟ್ಟ ಹಾಗೆ! ಬೆಳಗಾಗುವ ತನಕ ಹಾಡು ನಡೆಯಿತು.

ಆ ರಾತ್ರಿಯ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಮುಖ್ಯ. ಹಾಡಿನಲ್ಲಿ ಸ್ವಾಹಿಲಿ ಭಾಷೆಯ ಮಾತು ಸೇರಿಸೋಣ ಎಂದು ಸ್ಟೀವಿ ವಂಡರ್ ಸೂಚಿಸಿದರು. ಇಥಿಯೋಪಿಯದವರು ಸ್ವಾಹಿಲಿ ಆಡುವುದಿಲ್ಲ ಎಂದು ಬೇರೆಯವರು ತಿದ್ದಬೇಕಾಯಿತು. ಅಲ್ಲಿಯ ಆಡಳಿತ ಭಾಷೆ ಅಮ್ಹಾರಿಕ್. ಆಫ್ರಿಕವೆಲ್ಲ ಒಂದೇ ಊರು ಎಂದುಕೊಂಡರೆ ಹೀಗಾಗುತ್ತದೆ. ಎರಡನೆಯದು, ಅದೇ ರಾತ್ರಿ ಇಥಿಯೋಪಿಯದ ಇಬ್ಬರು ಮಹಿಳೆಯರು ಸ್ಟುಡಿಯೋಗೆ ಬಂದು ಕೃತಜ್ಞತೆ ಹೇಳಿದರು. ಅವರು ಬಂದದ್ದು ಧನ್ಯವಾದ ಹೇಳುವುದಕ್ಕೆ, ಹಾಡುವುದಕ್ಕಲ್ಲ.

ಈ ಹಾಡಿನ ಹೆಸರಿನಲ್ಲಿ 6 ಕೋಟಿ ಡಾಲರಿಗೂ ಮಿಕ್ಕಿ ಹಣ ಸೇರಿತು. ಆ ವರ್ಷದ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯಾಗಳಲ್ಲಿ ‘ಲೈವ್ ಏಡ್’ ಕಛೇರಿಯೂ ನಡೆಯಿತು. ಹಣ ಲಾರಿಯಾಯಿತು, ಧಾನ್ಯವಾಯಿತು, ಔಷಧವಾಯಿತು. ಜೀವಗಳು ಉಳಿದವು. ಇದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ಬರಕ್ಕೆ ಮಳೆ ಇಲ್ಲದಿರುವುದರಷ್ಟೇ ಅಂತರ್ಯುದ್ಧವೂ ಮೆಂಗಿಸ್ಟು ಸರ್ಕಾರದ ನೀತಿಗಳೂ ಕಾರಣವಾಗಿದ್ದವು. ಜನರನ್ನು ಬಲವಂತವಾಗಿ ಬೇರೆಡೆಗೆ ಸಾಗಿಸುವುದನ್ನು ವಿರೋಧಿಸಿದ ಫ್ರೆಂಚ್ ವೈದ್ಯರ ಸಂಸ್ಥೆ ಎಂಎಸ್ಎಫ್ ಅನ್ನು 1985ರ ಡಿಸೆಂಬರ್‌ನಲ್ಲಿ ಆ ಸರ್ಕಾರ ದೇಶದಿಂದಲೇ ಹೊರಹಾಕಿತು. ಹಾಡಿನಲ್ಲಿ ಈ ಯಾವುದಕ್ಕೂ ಜಾಗವಿರಲಿಲ್ಲ.

ಮತ್ತೆ ಮತ್ತೆ ಅದೇ ಹಾಡು

ಗೆದ್ದ ನಾಟಕವನ್ನು ಕಂಪನಿಗಳು ಊರೂರಿಗೆ ಒಯ್ಯುವುದು ಸಹಜ. ಬ್ಯಾಂಡ್ ಏಡ್ ಹಾಡನ್ನು 1989ರಲ್ಲಿ ಹೊಸ ಗಾಯಕರಿಂದ ಹಾಡಿಸಿದರು. 2004ರಲ್ಲಿ ಸುಡಾನಿನ ಡಾರ್ಫರ್ ಪ್ರದೇಶದ ಸಂಕಟವನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಮುದ್ರಿಸಿದರು. ಎರಡೂ ಸಲ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿತು.

2010ರ ಜನವರಿ 12ರಂದು ಹೈಟಿಯಲ್ಲಿ 7.0 ತೀವ್ರತೆಯ ಭೂಕಂಪವಾಗಿ ರಾಜಧಾನಿ ಪೋರ್ಟ್ ಒ ಪ್ರಿನ್ಸ್ ನೆಲಸಮವಾಯಿತು. ಲಕ್ಷಕ್ಕೂ ಹೆಚ್ಚು ಜನ ಸತ್ತರು. ಫೆಬ್ರವರಿ 1ರಂದು 80ಕ್ಕೂ ಹೆಚ್ಚು ಗಾಯಕರು ಹಿಂದಿನ ಅದೇ ಸ್ಟುಡಿಯೋದಲ್ಲಿ ಸೇರಿ ‘ವಿ ಆರ್ ದ ವರ್ಲ್ಡ್’ ಹಾಡನ್ನು ಮರಳಿ ಹಾಡಿದರು. ಭೂಕಂಪವಾಗಿ ಸರಿಯಾಗಿ ಒಂದು ತಿಂಗಳಿಗೆ, ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ದಿನ ಅದು ಬಿಡುಗಡೆಯಾಯಿತು. ಮೈಕೆಲ್ ಜಾಕ್ಸನ್ ಹಿಂದಿನ ವರ್ಷ ತೀರಿಕೊಂಡಿದ್ದರು. 1985ರ ಅವರ ಧ್ವನಿಯನ್ನೇ ಉಳಿಸಿಕೊಂಡು ತಂಗಿ ಜಾನೆಟ್ ಅವರ ಧ್ವನಿಯನ್ನು ಜೊತೆಗಿಟ್ಟರು. ಕಾಲಕ್ಕೆ ತಕ್ಕಂತೆ ರ‍್ಯಾಪ್ ಭಾಗ ಸೇರಿತು. ಯಂತ್ರದಿಂದ ತಿದ್ದಿದ ಸ್ವರಗಳೂ ಬಂದವು.

ವಿಮರ್ಶಕರು ಇದನ್ನು ಮೆಚ್ಚಲಿಲ್ಲ. ಹಾಡಿಗೆ ಗದ್ದಲ ಹೆಚ್ಚಾಯಿತು, ಹಳೆಯ ಸರಳತೆ ಹೋಯಿತು ಎಂದರು. ಆದರೆ ಹಳೆಯದರಲ್ಲಿ ಇಲ್ಲದ್ದೊಂದು ಹೊಸದರಲ್ಲಿತ್ತು. ಹೈಟಿಯಲ್ಲಿ ಹುಟ್ಟಿದ ಗಾಯಕ ವೈಕ್ಲೆಫ್ ಜಾನ್ ಆ ನಾಡಿನ ಕ್ರಿಯೋಲ್ ಭಾಷೆಯಲ್ಲಿ ಹಾಡಿದ್ದರು. 1985ರಲ್ಲಿ ಆದ ಸ್ವಾಹಿಲಿಯ ಎಡವಟ್ಟನ್ನು ಇಪ್ಪತ್ತೈದು ವರ್ಷಗಳ ನಂತರ ತಿದ್ದಿದಂತಾಯಿತು.

ಬೇಡ ಎಂದವರು

2014ರಲ್ಲಿ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಹಬ್ಬಿತು. ರೋಗ ಇಳಿಯುವ ಹೊತ್ತಿಗೆ 11,000ಕ್ಕೂ ಹೆಚ್ಚು ಜನ ಸತ್ತಿದ್ದರು. ಗೆಲ್ಡಾಫ್ ಮತ್ತೆ ಅದೇ ಕ್ರಿಸ್ಮಸ್ ಹಾಡನ್ನು ತೆಗೆದು, ಬರದ ಸಾಲುಗಳ ಕಡೆ ರೋಗದ ಸಾಲು ಬರೆದು, ನವೆಂಬರ್ 15ರಂದು ಮುದ್ರಿಸಿದರು. ಘಾನಾ ಮೂಲದ ಗಾಯಕ ಫ್ಯೂಸ್ ಒಡಿಜಿ ಕರೆ ಬಂದರೂ ಹೋಗಲಿಲ್ಲ. ಆಫ್ರಿಕವೆಂದರೆ ಸಾವು, ಹಸಿವು, ರೋಗ ಎಂಬ ಒಂದೇ ಚಿತ್ರವನ್ನು ಇಂಥ ಹಾಡುಗಳು ಜಗತ್ತಿನ ಮನಸ್ಸಿನಲ್ಲಿ ಕೂರಿಸುತ್ತವೆ ಎಂಬುದು ಅವರ ಆಕ್ಷೇಪ.

ಆ ಆಕ್ಷೇಪದಲ್ಲಿ ತಥ್ಯವಿದೆ. ಹಾಡಿನ ಶೀರ್ಷಿಕೆ, ಅವರಿಗೆ ಕ್ರಿಸ್ಮಸ್ ಬಂದದ್ದು ಗೊತ್ತೇ ಎಂದು ಕೇಳುತ್ತದೆ. ಇಥಿಯೋಪಿಯ 4ನೇ ಶತಮಾನದಿಂದ ಕ್ರೈಸ್ತ ಧರ್ಮ ನೆಲೆಸಿರುವ ನಾಡು. ಅಲ್ಲಿ ‘ಗೆನ್ನಾ’ ಎಂಬ ಹೆಸರಿನಿಂದ ಜನವರಿ 7ರಂದು ಹಬ್ಬ ನಡೆಯುತ್ತದೆ. ಈಜಿಪ್ಟಿಗೆ ಹರಿಯುವ ನೈಲ್ ನದಿಯ ನೀರಿನ ಬಹುಪಾಲು ಇಥಿಯೋಪಿಯದ ಎತ್ತರದ ನೆಲದಿಂದಲೇ ಬರುತ್ತದೆ. ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಭೂಪಟ ತೆರೆದು ತಿದ್ದಬಹುದಾದ ಕಲ್ಪನೆಗಳು ಕೋಟ್ಯಂತರ ಜನರ ಬಾಯಲ್ಲಿ ಉಳಿದುಬಿಟ್ಟವು.

ಅದೇ ವರ್ಷ ಇನ್ನೊಂದು ಹಾಡೂ ಬಂತು, ‘ಆಫ್ರಿಕಾ ಸ್ಟಾಪ್ ಎಬೋಲಾ’. ಸಾಲಿಫ್ ಕೇಟಾ, ಊಮೂ ಸಂಗಾರೆ, ಟಿಕೆನ್ ಜಾ ಫಕೋಲಿ ಮೊದಲಾದ ಪಶ್ಚಿಮ ಆಫ್ರಿಕದವರೇ ಫ್ರೆಂಚ್ ಮತ್ತು ಸ್ಥಳೀಯ ಭಾಷೆಗಳಲ್ಲಿ ಹಾಡಿದರು. ರೋಗಿಯನ್ನು ಮುಟ್ಟಬೇಡಿ, ವೈದ್ಯರನ್ನು ನಂಬಿ ಎಂಬ ತಿಳಿವಳಿಕೆ ಅದರಲ್ಲಿತ್ತು. ಒಂದು ಹಾಡು ರೋಗಿಯ ಬಗ್ಗೆ ದೂರದವರ ಹತ್ತಿರ ಮಾತಾಡುತ್ತಿತ್ತು. ಇನ್ನೊಂದು ರೋಗಿಯ ಮನೆಯವರ ಹತ್ತಿರವೇ ಮಾತಾಡುತ್ತಿತ್ತು. ಹಣಕ್ಕೆ ಮೊದಲನೆಯದೂ ಬೇಕಾದೀತು. ಆದರೆ ಎರಡನೆಯದು ತಾನೇ ಒಂದು ಔಷಧ.

ಯಾರೂ ಕೂಡಲಾಗದ ಕಾಲ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದಿತು. ಆ ದಿನಗಳಲ್ಲೇ ಲಯನೆಲ್ ರಿಚಿ ತಮ್ಮ ಹಳೆಯ ಹಾಡನ್ನು ಹೊಸದಾಗಿ ತರುವ ಯೋಚನೆಯನ್ನು ಸಂದರ್ಶನವೊಂದರಲ್ಲಿ ಹೇಳಿಕೊಂಡರು. ನಾವೆಲ್ಲ ಒಂದೇ ಜಗತ್ತು ಎಂಬ ಹಾಡಿನ ಆಶಯ ಇಷ್ಟು ಸರಿಹೊಂದುವ ಸಂದರ್ಭ ಹಿಂದೆ ಬಂದಿರಲಿಲ್ಲ. ಆದರೆ ಆ ಹಾಡಿನ ಶಕ್ತಿ ಇದ್ದದ್ದೇ ಒಂದು ಕೋಣೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತ ನಲವತ್ತೈದು ಜನರ ದೃಶ್ಯದಲ್ಲಿ. ಹಾಗೆ ನಿಲ್ಲುವುದೇ ಆಗ ನಿಷಿದ್ಧವಾಗಿತ್ತು. ಏಪ್ರಿಲ್ 18ರಂದು ನಡೆದ ‘ಒನ್ ವರ್ಲ್ಡ್: ಟುಗೆದರ್ ಅಟ್ ಹೋಮ್’ ಕಾರ್ಯಕ್ರಮದಲ್ಲಿ ಕಲಾವಿದರು ತಂತಮ್ಮ ಮನೆಗಳಿಂದ ಹಾಡಿದರು. ಅದಕ್ಕೆ ಸುಮಾರು 12.8 ಕೋಟಿ ಡಾಲರ್ ನೆರವು ಕೂಡಿತು.

ಇನ್ನೊಂದು ವ್ಯತ್ಯಾಸವೂ ಇತ್ತು. ಇಥಿಯೋಪಿಯಕ್ಕೋ ಹೈಟಿಗೋ ಹಾಡಿದವರು ತಾವು ಸುರಕ್ಷಿತವಾಗಿದ್ದು ಹಾಡಿದರು. ಕೋವಿಡ್‌ನಲ್ಲಿ ಕೊಡುವವನೂ ಬೇಡುವವನೂ ಒಂದೇ ರೋಗಕ್ಕೆ ಹೆದರುತ್ತಿದ್ದರು. ‘ಅವರು’ ಎಂದು ದೂರ ನಿಲ್ಲಿಸಲು ಯಾರೂ ಉಳಿದಿರಲಿಲ್ಲ.

2024ಕ್ಕೆ ಬ್ಯಾಂಡ್ ಏಡ್ ಹಾಡಿಗೆ ನಲವತ್ತು ತುಂಬಿತು. ಹಳೆಯ ಮುದ್ರಣಗಳ ಧ್ವನಿಗಳನ್ನೇ ಜೋಡಿಸಿ ಹೊಸ ರೂಪ ತಂದರು. 2014ರಲ್ಲಿ ಹಾಡಿದ್ದ ಎಡ್ ಶೀರನ್, ಈ ಸಲ ತನ್ನನ್ನು ಕೇಳಲಿಲ್ಲ, ಕೇಳಿದ್ದರೆ ಬೇಡ ಎನ್ನುತ್ತಿದ್ದೆ ಎಂದು ಬಹಿರಂಗವಾಗಿ ಹೇಳಿದರು. ಹತ್ತು ವರ್ಷದಲ್ಲಿ ಒಬ್ಬ ಗಾಯಕನ ತಿಳಿವಳಿಕೆ ಬದಲಾಗಿತ್ತು. ಗೆಲ್ಡಾಫ್ ಮಾತ್ರ, ಆ ಹಾಡಿನ ಹಣದಿಂದ ಬದುಕಿದವರಿದ್ದಾರೆ ಎಂಬ ತಮ್ಮ ವಾದವನ್ನು ಬಿಡಲಿಲ್ಲ. ಇಬ್ಬರ ಮಾತೂ ನಿಜ ಎಂದು ನನಗೆ ಅನ್ನಿಸುತ್ತದೆ.

ನಮ್ಮ ವೇದಿಕೆಯ ಮೇಲೆ

ಈಗ ನನ್ನ ತಪ್ಪಿನ ವಿಷಯ. 2009ರಲ್ಲಿ ನೆರೆಯಿಂದ ಮನೆ ಕಳೆದುಕೊಂಡ ಕೆಲವು ಕುಟುಂಬಗಳು ನಮ್ಮೂರ ಬಂಧುಗಳ ಮನೆಗಳಲ್ಲಿ ಇದ್ದವು. ಅವರ ಮಕ್ಕಳು ಕೆಲವು ತಿಂಗಳು ನಮ್ಮ ಶಾಲೆಗೇ ಬಂದರು. ಸಹಾಯಾರ್ಥ ಸಭೆಯ ದಿನ ನಮ್ಮ ಮಕ್ಕಳು ಹಾಡುವಾಗ ಆ ಮಕ್ಕಳನ್ನು ಎದುರಿಗೆ ಸಾಲಾಗಿ ನಿಲ್ಲಿಸಿದೆ. ನೋಡಿದವರ ಮನ ಕರಗಲಿ ಎಂಬುದು ನನ್ನ ಉದ್ದೇಶ. ಮನ ಕರಗಿತು, ಡಬ್ಬಿ ತುಂಬಿತು. ಮರುದಿನ ಆ ಮಕ್ಕಳಲ್ಲಿ ಒಬ್ಬಳು ಶಾಲೆಗೆ ಬರಲಿಲ್ಲ. ಮೂರು ದಿನ ಕಳೆದು ಬಂದವಳನ್ನು ಯಾಕವ್ವಾ ಎಂದು ಕೇಳಿದೆ. ತಲೆ ತಗ್ಗಿಸಿಕೊಂಡೇ ಅಂದಳು: “ನನಗೂ ಹಾಡಾಕ ಬರ್ತಿತ್ತರೀ ಸರ್.”

ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗಿ ಹೇಳಿದ್ದನ್ನೇ ಐದು ವರ್ಷದ ನಂತರ ಲಂಡನ್ನಿನಲ್ಲಿ ಒಬ್ಬ ಪ್ರಸಿದ್ಧ ಗಾಯಕ ಹೇಳಿದಾಗ ಜಗತ್ತು ಕೇಳಿಸಿಕೊಂಡಿತು.

ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಗ್ರಂಥಾಲಯದ ಸಹಾಯಾರ್ಥ ಹಳೆಯ ನಾಟಕವನ್ನು ಮತ್ತೆ ಆಡಬೇಕು, ಮಾಸ್ತರರ ಹಾಡನ್ನು ಮತ್ತೆ ಹಾಡಬೇಕು ಎಂದು ಹಳೆಯ ವಿದ್ಯಾರ್ಥಿಗಳು ಉತ್ಸಾಹದಲ್ಲಿದ್ದಾರೆ. ಖಂಡಿತ ಆಗಲಿ. ನನ್ನದು ಮೂರೇ ವಿನಂತಿ. ಅಂದು ಕಟ್ಟಡ ನಿಧಿಯ ಲೆಕ್ಕವನ್ನು ಮರುದಿನ ಬೆಳಿಗ್ಗೆ ಕರಿಹಲಗೆಯ ಮೇಲೆ ಪೈಸೆ ಪೈಸೆ ಬರೆದಿದ್ದರಂತೆ, ಈಗಲೂ ಹಾಗೆಯೇ ಬರೆಯೋಣ. ಹಾಡಿನ ಸಾಲು ಬದಲಿಸುವಾಗ ಇಂದಿನ ಮಕ್ಕಳಿಗೆ ಏನು ಬೇಕೆಂದು ಅವರನ್ನೇ ಕೇಳಿ ಬದಲಿಸೋಣ. ಪುಸ್ತಕ ಕೊಳ್ಳಲಾಗದ ಮಗು ಯಾವುದೆಂದು ವೇದಿಕೆಯ ಕೆಳಗೆ ನಿಲ್ಲಿಸಿ ತೋರಿಸುವುದು ಬೇಡ. ಆ ಮಗುವಿಗೆ ಪೇಟಿಯ ಪಕ್ಕದಲ್ಲೇ ಜಾಗ ಕೊಟ್ಟು ಮೊದಲ ನುಡಿ ಹಾಡಿಸೋಣ.

(ಲೇಖಕರು ಈ ಶಾಲೆಯ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರು)